ಹಾಳು ಯಂತ್ರವನ್ನು ಅಚ್ಚುಕಟ್ಟಾಗಿ ಕಟ್ಟಿದ ಉಸ್ತಾದ್ ಬಹ್ಗತ್

ಉಸ್ತಾದ್ ಬಹ್ಗತ್ ಕಟ್ಟಿಕೊಟ್ಟ ಯಂತ್ರದ ಮೇಲೆ ಯಾವ ತಂತ್ರಾಂಶವೂ ಮುಗ್ಗರಿಸಿದ್ದನ್ನು ಮೂರು ವರ್ಷ ನಾನು ಕಾಣಲಿಲ್ಲ. ಮುಗ್ಗರಿಸುವುದನ್ನು ಕಂಡು ಬರೆದಿಡುವುದೇ ನನ್ನ ಕೆಲಸವಾಗಿತ್ತು. ಹಾಗಾಗಿ ಆ ಮೂರು ವರ್ಷ ಕಂಪನಿ ನನಗೆ ಸಂಬಳ ಕೊಟ್ಟಿದ್ದು ಯಾತಕ್ಕೆ ಎಂದು ಯಾರಾದರೂ ಕೇಳಿದ್ದರೆ ನಾನು ಕಿಟಕಿಯ ಕಡೆ ನೋಡಬೇಕಾಗುತ್ತಿತ್ತು. ಯಾರೂ ಕೇಳಲಿಲ್ಲ. ಎಲ್ಲ ಸರಿಯಿದೆ ಎಂದು ಹೇಳುವವರನ್ನು ಯಾವ ಕಚೇರಿಯಲ್ಲೂ ಯಾರೂ ಏನೂ ಕೇಳುವುದಿಲ್ಲ.

ಅಲೆಕ್ಸಾಂಡ್ರಿಯಾದ ಸ್ಮೂಹಾ ಬಡಾವಣೆಯಲ್ಲಿ ಕೆಳಗೆ ಹಲ್ಲಿನ ಡಾಕ್ಟರು, ಮೇಲೆ ಮದುವೆಯ ಉಡುಪು ಬಾಡಿಗೆಗೆ ಕೊಡುವವರು, ನಡುವಿನ ಅಂತಸ್ತಿನಲ್ಲಿ ನಾವು. ಔಷಧಿ ಅಂಗಡಿಗಳಿಗೆ ತಂತ್ರಾಂಶ ಬರೆಯುತ್ತಿದ್ದೆವು. ಯಾವ ಗುಳಿಗೆ ಎಷ್ಟು ಉಳಿದಿದೆ, ಯಾವುದರ ಅವಧಿ ಮುಗಿದಿದೆ ಎಂದು ಅದು ಹೇಳುತ್ತಿತ್ತು. ರೋಗಿ ಯಾವ ಹೊತ್ತಿಗೆ ಏನು ನುಂಗಬೇಕು ಎಂದು ಚೀಟಿ ಅಚ್ಚು ಹಾಕಿ ಕೊಡುತ್ತಿತ್ತು. ಅದು ಓಡುತ್ತಿದ್ದುದು ಲಿನಕ್ಸ್ ಮೇಲೆ. ಯೂನಿಕ್ಸ್ ವಂಶದ, ಗಟ್ಟಿಮುಟ್ಟಾದ, ಯಾರಿಗೂ ದುಡ್ಡು ಕೊಡದೆ ಕೂರಿಸಿಕೊಳ್ಳಬಹುದಾದ ಆಪರೇಟಿಂಗ್ ಸಿಸ್ಟಂ ಅದು. ನಮ್ಮ ಯಜಮಾನ ಡಾಕ್ಟರ್ ಲಬೀಬ್ ಅದನ್ನು ಆರಿಸಿದ್ದು ಈ ಕೊನೆಯ ಗುಣಕ್ಕಾಗಿ. ಅವರು ಯಾವುದರಲ್ಲಿ ಡಾಕ್ಟರ್ ಎಂಬುದು ನಮಗೆ ಗೊತ್ತಿರಲಿಲ್ಲ. ಅವರಿಗೂ ಅಷ್ಟು ಖಚಿತವಾಗಿ ಗೊತ್ತಿದ್ದಂತಿರಲಿಲ್ಲ.

ತಂತ್ರಾಂಶ ಬರೆಯುತ್ತಿದ್ದವನು ಹೈಸಮ್. ಅವನು ಬರೆದದ್ದನ್ನು ಪರೀಕ್ಷಿಸುವವಳು ನಾನು, ಇಗ್ಲಾಲ್. ಪರೀಕ್ಷೆಗೆ ಪ್ರತಿ ಭಾನುವಾರ ಒಂದು ಹೊಸ ಯಂತ್ರ ಬೇಕು. ಹೋದ ವಾರದ ಕೊಳೆ ಅದರಲ್ಲಿ ಉಳಿದಿರಬಾರದು. ಹಳೆಯದನ್ನೆಲ್ಲ ಅಳಿಸಿ, ಸಿಸ್ಟಂ ಮತ್ತೆ ಕೂರಿಸಿ, ಅದರ ಹೊಂದಾಣಿಕೆಗಳನ್ನೆಲ್ಲ ಸರಿ ಮಾಡಿ ನನ್ನ ಮೇಜಿಗೆ ಒಪ್ಪಿಸುವುದು ಉಸ್ತಾದ್ ಬಹ್ಗತ್ ಅವರ ಕೆಲಸ. ಅರವತ್ತೊಂದು ವಯಸ್ಸು, ಸಣಕಲು ಮೈ, ಬೇಸಿಗೆಯಲ್ಲೂ ತೋಳಿಲ್ಲದ ಸ್ವೆಟರ್.

ಅವರು ಯಂತ್ರ ಕಟ್ಟುವುದನ್ನು ಕೂತು ನೋಡಬೇಕು. ಮೊದಲು ಕೈ ತೊಳೆಯುತ್ತಿದ್ದರು. ಚಹಾದ ಲೋಟವನ್ನು ಕಿಟಕಿಯ ಕಟ್ಟೆಗೆ ಸಾಗಿಸುತ್ತಿದ್ದರು. ‘ಈ ಡಿಸ್ಕಿನಲ್ಲಿರುವುದೆಲ್ಲ ಅಳಿಸಿಹೋಗುತ್ತದೆ, ಮುಂದುವರಿಯಲೇ?’ ಎಂದು ಪರದೆ ಕೇಳಿದಾಗ ಕನ್ನಡಕ ಸರಿಮಾಡಿಕೊಂಡು ಎರಡು ಸಲ ಓದಿ, ಬಿಸ್ಮಿಲ್ಲಾ ಎಂದು ಒತ್ತುತ್ತಿದ್ದರು. ಡಿಸ್ಕನ್ನು ಐದು ಪಾಲು ಮಾಡುವಾಗ ಅಣ್ಣತಮ್ಮಂದಿರ ಆಸ್ತಿ ಹಂಚುವ ಹಿರಿಯನ ಮುಖ. ಒಬ್ಬನ ಪಾಲು ತುಂಬಿ ತುಳುಕಿದರೂ ಇನ್ನೊಬ್ಬನ ಅಂಗಳಕ್ಕೆ ನೀರು ನುಗ್ಗಬಾರದು. ನಮ್ಮ ತಂತ್ರಾಂಶಕ್ಕೆ ಅದರದೇ ಒಂದು ಖಾತೆ, ಅದರದೇ ಕಡತಗಳು, ಪಕ್ಕದವರದಕ್ಕೆ ಕೈ ಹಾಕುವಂತಿಲ್ಲ. ಕರೆಂಟು ಹೋದರೆ ಹೊತ್ತು ನಿಲ್ಲಲು ಬ್ಯಾಟರಿ. ಕೊನೆಗೆ ಗಡಿಯಾರ: ಅಂತರಜಾಲದ ಅಣುಗಡಿಯಾರಕ್ಕೆ ಜೋಡಿಸಿ, ಆಮೇಲೆ ತಮ್ಮ ಕೈಗಡಿಯಾರದೊಡನೆ ತಾಳೆ ನೋಡುತ್ತಿದ್ದರು. ಸೆಕೆಂಡಿನ ವ್ಯತ್ಯಾಸ ಕಂಡರೆ ಅಣುಗಡಿಯಾರದ ಮೇಲೆ ಅನುಮಾನ.

“ಉಸ್ತಾದ್, ಇಷ್ಟೆಲ್ಲಾ ಯಾಕೆ? ಗುರುವಾರಕ್ಕೆ ಹೇಗೂ ಅಳಿಸ್ತೀರಲ್ಲ?” ಎಂದು ಹೈಸಮ್ ಕೆಣಕುತ್ತಿದ್ದ.

“ಸಂಜೆಗೆ ಹೇಗೂ ಹಸಿವಾಗತ್ತೆ ಅಂತ ಬೆಳಗ್ಗೆ ಫೂಲ್ ಕಾಳು ತಿನ್ನೋದು ಬಿಡ್ತೀಯೇನಪ್ಪ?” ಎನ್ನುತ್ತಿದ್ದರು ಅವರು.

ಈ ವಿದ್ಯೆ ಅವರಿಗೆ ಬಂದ ಕಥೆ ಬೇರೆ. ನೈಲ್ ನದಿಯ ಡೆಲ್ಟಾ ಕಡೆಯ ಒಂದು ಸರ್ಕಾರಿ ಹತ್ತಿ ಗಿರಣಿಯಲ್ಲಿ ಅವರು ನೂಲು ಉಗ್ರಾಣದ ಗುಮಾಸ್ತರಾಗಿದ್ದರು. ಎಂಬತ್ತೇಳನೇ ಇಸವಿಯಲ್ಲಿ ಗಿರಣಿಗೆ ಒಂದು ಯೂನಿಕ್ಸ್ ಯಂತ್ರ ಬಂತು. ಅದರ ಜೊತೆ ಮೂವತ್ತೊಂದು ಫ್ಲಾಪಿ, ನಾಲ್ಕು ಸಂಪುಟ ಇಂಗ್ಲಿಷ್ ಕೈಪಿಡಿ, ಒಬ್ಬ ಪರದೇಶದ ಇಂಜಿನಿಯರ್. ಬಂದ ಮೂರನೇ ದಿನ ವಸಂತದ ಶಮ್ ಅಲ್‌ನಸೀಮ್ ಹಬ್ಬ. ಗಿರಣಿಯವರು ಪ್ರೀತಿಯಿಂದ ಅವನಿಗೆ ಉಪ್ಪಿನಲ್ಲಿ ಹಳಸಿಸಿದ ಫಸೀಖ್ ಮೀನು ತಿನ್ನಿಸಿದರು. ನಾಲ್ಕನೇ ದಿನ ಅವನನ್ನು ವಿಮಾನ ಹತ್ತಿಸಿದರು. ಬಹ್ಗತರನ್ನು ಕೋಣೆಗೆ ಬೀಗ ಹಾಕಿಕೊಂಡು ಧೂಳು ಒರೆಸುತ್ತಿರಲು ಹೇಳಿದರು. ಅವರು ಧೂಳು ಒರೆಸಿದರು, ಒರೆಸಿದ ಮೇಲೆ ಮಾಡಲು ಏನೂ ಇಲ್ಲದ್ದರಿಂದ ಶಾಲೆಯ ನಿಘಂಟು ಇಟ್ಟುಕೊಂಡು ಏಳು ವಾರ ನಾಲ್ಕು ಸಂಪುಟಗಳನ್ನೂ ಓದಿದರು. ಎಂಟನೇ ವಾರ ಒಂದೊಂದೇ ಫ್ಲಾಪಿ ಹಾಕುತ್ತ ಹೋದರು. ಹತ್ತೊಂಬತ್ತನೆಯದು ಕೆಟ್ಟಿತ್ತು. ಸ್ವಂತ ಖರ್ಚಿನಲ್ಲಿ ಕೈರೋಗೆ ಹೋಗಿ ಇನ್ನೊಂದು ತಂದರು.

ಯಂತ್ರ ಎದ್ದು ಕೂತಿತು. ಗಿರಣಿ ಅವರನ್ನು ಗಣಕ ಕೋಣೆಯ ಹಂಗಾಮಿ ಮೇಲ್ವಿಚಾರಕ ಮಾಡಿತು. ಇಪ್ಪತ್ತೆರಡು ವರ್ಷ ಅವರು ಹಂಗಾಮಿಯಾಗಿಯೇ ಇದ್ದರು. ಗಿರಣಿ ಮುಚ್ಚಿದ ದಿನ ಯಂತ್ರವನ್ನು ತೂಕಕ್ಕೆ ಹಾಕಿ ಗುಜರಿಯವನಿಗೆ ಕೊಟ್ಟರು. “ನೂರ ನಲವತ್ತು ಕಿಲೋ ಇತ್ತು,” ಎಂದು ಒಮ್ಮೆ ಹೇಳಿದ್ದರು. “ನಾನು ಅದನ್ನ ಎತ್ತಿ ನೋಡಿರ್ಲಿಲ್ಲ.”

ಹೀಗೆ ಭಾನುವಾರ ಅವರು ಯಂತ್ರ ಕಟ್ಟುವುದು, ಸೋಮವಾರ ಹೈಸಮ್ ತನ್ನ ತಂತ್ರಾಂಶ ಅದರ ಮೇಲಿಡುವುದು, ಬುಧವಾರ ನಾನು ‘ಉತ್ತೀರ್ಣ’ ಎಂದು ಮುದ್ರೆ ಒತ್ತುವುದು. ಹೈಸಮ್ ತಾನು ತಪ್ಪೇ ಮಾಡದವನು ಎಂದು ನಂಬಿದ. ಅದಕ್ಕೆ ಸಾಕ್ಷಿಯಾಗಿ ನಾನೇ ಸಹಿ ಹಾಕಿದ ನೂರೈವತ್ತು ಹಾಳೆ ಇತ್ತು.

ಆ ವರ್ಷ ಎರಡು ಸಂಗತಿ ಒಟ್ಟಿಗೆ ಬಂದವು. ಕೆಲವು ವರ್ಷ ಕೈಬಿಟ್ಟಿದ್ದ ಬೇಸಿಗೆ ಸಮಯವನ್ನು ಸರ್ಕಾರ ಮತ್ತೆ ತಂದಿತು. ಏಪ್ರಿಲ್ ಕೊನೆಗೆ ದೇಶವೆಲ್ಲ ಗಡಿಯಾರವನ್ನು ಒಂದು ಗಂಟೆ ಮುಂದೆ ತಿರುಗಿಸಿತು. ಜುಲೈನಲ್ಲಿ ದಿನಕ್ಕೊಂದು ಗಂಟೆ ಕರೆಂಟು ತೆಗೆಯತೊಡಗಿದರು. ಅದರ ಬೆನ್ನಿಗೇ ಔಷಧಿ ಅಂಗಡಿಗಳಿಂದ ಫೋನು. ಚೀಟಿ ಖಾಲಿ ಬರುತ್ತಿದೆ. ಸರಕಿನ ಪಟ್ಟಿ ಕಳಿಸಿದರೆ ಯಂತ್ರ ತೆಗೆದುಕೊಳ್ಳುತ್ತಿಲ್ಲ. ಬೆಳಗ್ಗೆ ಯಂತ್ರ ಏಳುವುದೇ ಇಲ್ಲ. ಹೈಸಮ್ ಎಲ್ಲರಿಗೂ ಒಂದೇ ಉತ್ತರ ಕೊಡುತ್ತಿದ್ದ: “ನಮ್ಮ ಆಫೀಸಲ್ಲಿ ಚೆನ್ನಾಗೇ ಓಡ್ತಿದೆಯಲ್ಲ.” ಅವನು ಸುಳ್ಳು ಹೇಳುತ್ತಿರಲಿಲ್ಲ.

ಜುಲೈ ಕೊನೆಯ ಒಂದು ಮಧ್ಯಾಹ್ನ ದಮನ್ಹೂರಿನಿಂದ ಡಾಕ್ಟರಮ್ಮ ನಿಮಾತ್ ಬಂದರು. ದೊಡ್ಡ ಮೈಯ, ದೊಡ್ಡ ದನಿಯ ಔಷಧಿ ಅಂಗಡಿಯ ಒಡತಿ. ಹಾಸಿಗೆ ಹೊದಿಕೆಯಲ್ಲಿ ಸುತ್ತಿ ತಂದಿದ್ದ ಯಂತ್ರವನ್ನು ಯಜಮಾನರ ಮೇಜಿನ ಮೇಲೆ, ಕಾಗದಗಳ ಮೇಲೆಯೇ ಇಟ್ಟರು.

“ಯಾರ್ರೀ ಇಲ್ಲಿ ದೊಡ್ಡೋರು?”

“ನಾನಮ್ಮಾ, ಡಾಕ್ಟರ್ ಲಬೀಬ್. ಕೂತ್ಕೊಳ್ಳಿ, ಚಾ ತರಿಸ್ತೀನಿ.”

“ಚಾ ಕುಡಿಯೋಕೆ ದಮನ್ಹೂರಿಂದ ಬರ್ತಾರೇನ್ರೀ? ಈ ಹೆಣಾನ ತೊಡೆ ಮೇಲಿಟ್ಕೊಂಡು ರೈಲಲ್ಲಿ ಬಂದಿದೀನಿ. ಎದುರುಗಡೆ ಕೂತೋನು, ‘ಅಮ್ಮಾ, ಮಗೂನ ಸ್ವಲ್ಪ ಆ ಕಡೆ ತಿರುಗ್ಸಿ, ಮೊಣಕಾಲು ಚುಚ್ತಿದೆ’ ಅಂತಾನೆ.”

ಹೈಸಮ್ ಬಾಗಿಲಲ್ಲಿ ಇಣುಕಿ ತನ್ನ ಉತ್ತರ ಹೇಳಿದ.

“ನಿಮ್ಮ ಆಫೀಸಲ್ಲಿ ಓಡತ್ತಾ? ಹಾಗಾದ್ರೆ ನನ್ನ ರೋಗಿಗಳನ್ನೂ ಇಲ್ಲಿಗೇ ಕಳಿಸ್ತೀನಿ ಬಿಡಪ್ಪ. ಕೆಳಗೆ ಹಲ್ಲಿನ ಡಾಕ್ಟರಿದಾರೆ, ಮೇಲೆ ನೀವಿದೀರಿ, ಆಸ್ಪತ್ರೆ ಪೂರ್ತಿ ಆಯ್ತು.”

ನನಗೆ ಒಳಗೊಳಗೇ ಸಂತೋಷ. ಮೂರು ವರ್ಷದಲ್ಲಿ ಮೊದಲ ಸಲ ನಿಜವಾಗಿ ಕೆಟ್ಟ ಯಂತ್ರವೊಂದು ನಡೆದುಕೊಂಡು ನಮ್ಮ ಬಾಗಿಲಿಗೆ ಬಂದಿತ್ತು. ಅದನ್ನು ಉಸ್ತಾದರ ಮೇಜಿನ ಮೇಲಿಟ್ಟು, ದೂರು ಬರೆದುಕೊಳ್ಳಲು ಯಜಮಾನರು ಕರೆದರೆಂದು ಹೋದೆ. ಡಾಕ್ಟರಮ್ಮನ ದೂರು ಬರೆದು ಮುಗಿಸಲು ಎರಡೂವರೆ ಗಂಟೆ ಹಿಡಿಯಿತು. ಮರಳಿ ಬಂದರೆ ಉಸ್ತಾದರ ಮುಖ ಬೆಳಗುತ್ತಿತ್ತು.

“ಪಾಪ, ಏನು ಗತಿ ಮಾಡಿದ್ರು ತಾಯಿ ಇದಕ್ಕೆ! ಎಲ್ಲಾ ತೆಗೆದು ಹೊಸದಾಗಿ ಕೂರಿಸ್ದೆ. ಅವರ ಔಷಧಿ ಪಟ್ಟಿ ಮೊದ್ಲೇ ಜೋಪಾನವಾಗಿ ಎತ್ತಿಟ್ಕೊಂಡಿದ್ದೆ, ಹೆದರಬೇಡ.”

“ಎಲ್ಲಾ ಅಳಿಸಿಬಿಟ್ರಾ?”

“ಎಲ್ಲಾ.”

“ಏನಾಗಿತ್ತು ಅಂತ ನೋಡಿದ್ರಾ ಉಸ್ತಾದ್?”

“ನೋಡೋ ಹಾಗಿರ್ಲಿಲ್ಲ. ನಾಚಿಕೆ ಆಯ್ತು.”

ಕೊಲೆ ನಡೆದ ಮನೆಗೆ ಪೊಲೀಸರಿಗಿಂತ ಮೊದಲು ನೆರೆಯವರು ಬಂದು ನೆಲ ಒರೆಸಿಟ್ಟ ಹಾಗಾಗಿತ್ತು. ತಂತ್ರಾಂಶ ಕುದುರೆಯಂತೆ ಓಡುತ್ತಿತ್ತು. ಡಾಕ್ಟರಮ್ಮ ಹರಸಿದರು, ಯಜಮಾನರು ಹಿಗ್ಗಿದರು, ಹೈಸಮ್ ನನ್ನ ಕಡೆ ಹುಬ್ಬು ಹಾರಿಸಿದ. ನಾನು ಹೆಂಗಸರ ಶೌಚಾಲಯಕ್ಕೆ ಹೋಗಿ ನಲ್ಲಿ ತಿರುಗಿಸಿಕೊಂಡು ಬಾಯಿಗೆ ಬಂದದ್ದನ್ನೆಲ್ಲ ಬೈದೆ.

ಹನ್ನೊಂದು ದಿನಕ್ಕೆ ಅದೇ ದನಿ ಫೋನಿನಲ್ಲಿ. ಮತ್ತೆ ಅದೇ ಕಥೆ. ಈ ಸಲ ಯಂತ್ರ ತರಬೇಡಿ, ನಾವೇ ಬರುತ್ತೇವೆ ಎಂದೆ. ಉಸ್ತಾದರನ್ನು ಕರೆದುಕೊಂಡು ಸೀದಿ ಗಾಬರ್ ನಿಲ್ದಾಣದಲ್ಲಿ ರೈಲು ಹತ್ತಿದೆ. ಹತ್ತುವ ಮೊದಲೇ ಮಾತು ತೆಗೆದುಕೊಂಡಿದ್ದೆ: ಕೈ ಮುಟ್ಟುವಂತಿಲ್ಲ, ನೋಡುವುದು ಮಾತ್ರ. ಅವರು ಒಪ್ಪಿದರು, ದಾರಿಯುದ್ದಕ್ಕೂ ಕೈಗಳನ್ನು ಸ್ವೆಟರಿನೊಳಗೆ ಇಟ್ಟುಕೊಂಡೇ ಕೂತಿದ್ದರು.

ದಮನ್ಹೂರಿನ ಅಂಗಡಿಯಲ್ಲಿ ಯಂತ್ರ ಗಲ್ಲಾದ ಕೆಳಗೆ, ಇನ್ಸುಲಿನ್ ಇಡುವ ಫ್ರಿಜ್ಜಿಗೂ ಚಹಾ ಕಾಯಿಸುವ ಕೆಟಲಿಗೂ ನಡುವೆ ಕೂತಿತ್ತು. ಮೂರಕ್ಕೂ ಗೋಡೆಯಲ್ಲಿದ್ದುದು ಎರಡೇ ಪ್ಲಗ್ಗು. ಇನ್ಸುಲಿನ್ ಕೆಡಬಾರದು, ಚಹಾ ತಪ್ಪಬಾರದು. ದಿನಕ್ಕೆ ನಾಲ್ಕು ಸಲ ಕಿತ್ತು ಹಾಕುತ್ತಿದ್ದುದು ಯಾವುದನ್ನು ಎಂದು ಬಿಡಿಸಿ ಹೇಳಬೇಕಿಲ್ಲ. ಕಂಪನಿ ಕೊಟ್ಟ ಬ್ಯಾಟರಿಯನ್ನು ಡಾಕ್ಟರಮ್ಮ ಫ್ಯಾನಿಗೆ ಜೋಡಿಸಿಕೊಂಡಿದ್ದರು.

ಯಂತ್ರವನ್ನು ನೋಡಿಕೊಳ್ಳುತ್ತಿದ್ದವನು ಡಾಕ್ಟರಮ್ಮನ ಮೈದುನ ಶಹ್ಹಾತ. ಪಕ್ಕದಲ್ಲೇ ಅವನ ಮೊಬೈಲ್ ಕವರಿನ ಅಂಗಡಿ. ಉಸ್ತಾದರು ಕಟ್ಟಿಕೊಟ್ಟ ಯಂತ್ರ ಪಾಸ್‌ವರ್ಡ್ ಕೇಳುತ್ತದೆಂದು ಅವನಿಗೆ ಸಿಟ್ಟು ಬಂದು, ಮರುದಿನವೇ ಎಲ್ಲ ಅಳಿಸಿ ತನ್ನ ಹಳೇ ಸಿ.ಡಿ.ಯಿಂದ ಮತ್ತೆ ಕೂರಿಸಿದ್ದ.

“ಇನ್‌ಸ್ಟಾಲ್ ಮಾಡೋದು ಏನ್ ಮಹಾ ವಿದ್ಯೆ ಬಿಡಿ ಉಸ್ತಾದ್ರೇ,” ಎಂದ ಶಹ್ಹಾತ. “ಅದು ಕೇಳಿದ್ದಕ್ಕೆಲ್ಲ ಹೌದು ಹೌದು ಅಂತ ಒತ್ತೋದು. ಮದುವೆ ಆದ್ಮೇಲೆ ಮಾಡ್ತೀವಲ್ಲ, ಹಾಗೆ.”

“ಏನು ಕೇಳ್ತಿದೆ ಅಂತ ಓದಲ್ವಾ?”

“ಓದಿದ್ರೆ ಭಯ ಆಗತ್ತೆ.”

ಅವನ ಸಿ.ಡಿ. ಬೇಸಿಗೆ ಸಮಯ ಮರಳಿ ಬರುವ ಮೊದಲಿನದು. ಯಂತ್ರದ ಗಡಿಯಾರ ಒಂದು ಗಂಟೆ ಹಿಂದೆ ನಡೆಯುತ್ತಿತ್ತು. ಅಲೆಕ್ಸಾಂಡ್ರಿಯಾದಿಂದ ಮೂರು ಗಂಟೆಗೆ ಸರಕಿನ ಪಟ್ಟಿ ಕಳಿಸಿದರೆ ಇಲ್ಲಿ ಇನ್ನೂ ಎರಡು. ಇನ್ನೂ ಹುಟ್ಟದ ಪಟ್ಟಿಯನ್ನು ನಮ್ಮ ತಂತ್ರಾಂಶ ನಂಬದೆ ಕಸಕ್ಕೆ ಹಾಕುತ್ತಿತ್ತು. ಡಿಸ್ಕನ್ನು ಪಾಲು ಮಾಡಿರಲಿಲ್ಲ, ಒಂದೇ ಬಯಲು. ಆ ಬಯಲನ್ನು ಶಹ್ಹಾತನ ಮದುವೆಯ ವಿಡಿಯೋ ಮತ್ತು ಹಳೇ ಫುಟ್ಬಾಲ್ ಪಂದ್ಯಗಳು ತುಂಬಿಕೊಂಡಿದ್ದವು. ಬರೆಯಲು ಜಾಗ ಸಿಗದ ತಂತ್ರಾಂಶ ಮರ್ಯಾದಸ್ಥನಂತೆ ಏನೂ ಹೇಳದೆ ಖಾಲಿ ಚೀಟಿ ಹೊರಗೆ ಹಾಕುತ್ತಿತ್ತು.

ಎರಡು ಗಂಟೆಗೆ ಕರೆಂಟು ಹೋಯಿತು. ಮೂರಕ್ಕೆ ಬಂತು. ಯಂತ್ರ ಅರ್ಧ ಎದ್ದು ಪರದೆಯ ಮೇಲೆ ಒಂದು ಪ್ರಶ್ನೆ ಹಾಕಿ ನಿಂತಿತು: ಡಿಸ್ಕಿಗೆ ಪೆಟ್ಟಾಗಿದೆ, ಸರಿಪಡಿಸಲೇ? ಗಲ್ಲಾದ ಮುಂದೆ ಏಳೆಂಟು ಜನ. ಮೇಜಿನ ಮೇಲೆ ಜಾಗವಿಲ್ಲವೆಂದು ಶಹ್ಹಾತ, ಯಂತ್ರ ಕೂರಿಸಿ ಮುಗಿದ ಕೂಡಲೇ, ಕೀಬೋರ್ಡನ್ನು ಮತ್ತೆ ಕಪಾಟಿಗೆ ಸೇರಿಸಿದ್ದ. ಡಾಕ್ಟರಮ್ಮ ಕೆಮ್ಮಿನ ಸಿರಪ್ಪಿನ ಬಾಟಲಿಯೊಂದನ್ನು ತೆಗೆದು, ಬಾರ್‌ಕೋಡ್ ಓದುವ ಕೆಂಪು ದೀಪದ ಕೆಳಗೆ ಹಿಡಿದರು. ಬೀಪ್ ಎಂದಿತು. ದೀಪ ಓದಿದ ಅಂಕಿಗಳನ್ನು ಯಂತ್ರ ತನ್ನ ಪ್ರಶ್ನೆಗೆ ಉತ್ತರವೆಂದು ತಿಳಿದು ಮುಂದೆ ಹೋಯಿತು.

“ಇದನ್ನ ನಾನೇ ಕಂಡುಹಿಡಿದಿದ್ದು,” ಎಂದರು ಡಾಕ್ಟರಮ್ಮ ಹೆಮ್ಮೆಯಿಂದ. “ಸಿರಪ್ ತೋರಿಸಿದ್ರೆ ಎದ್ದೇಳತ್ತೆ. ಮಾತ್ರೆಗೂ ಏಳತ್ತೆ.”

ಉಸ್ತಾದರು ಗೋಡೆ ಹಿಡಿದುಕೊಂಡರು. ‘ಹೌದು’ ಎಂಬುದರ ಬದಲು ಬೇರೇನು ಬಂದರೂ ಯಂತ್ರ ಅದನ್ನು ‘ಬೇಡ’ ಎಂದು ಎಣಿಸುತ್ತದೆ. ದಿನದಿನದ ಪೆಟ್ಟು ಮದ್ದಿಲ್ಲದೆ ಹಾಗೇ ಉಳಿದಿತ್ತು, ಅದೂ ಔಷಧಿ ಅಂಗಡಿಯಲ್ಲಿ.

“ಒಂದೇ ಒಂದು ಅಕ್ಷರ ಒತ್ತಿಬಿಡ್ತೀನಿ ತಾಯಿ,” ಎಂದರು ನನ್ನ ಕಿವಿಯಲ್ಲಿ.

“ಬೇಡ ಉಸ್ತಾದ್. ಮಾತು ಕೊಟ್ಟಿದೀರಿ.”

“ಮನುಷ್ಯತ್ವ ಬೇಡ್ವಾ?”

“ಇವತ್ತೊಂದಿನ ಬೇಡ. ಬರ್ಕೊಳ್ಳಿ.”

ಅವರು ಸಂಜೆಯವರೆಗೆ ಕೂತು ಬರೆದುಕೊಂಡರು. ಮರಳುವಾಗ ರೈಲಿನಲ್ಲಿ ನಾನು ವಿಷಯ ಹೇಳಿದೆ. ಮೂರು ವರ್ಷ ನಾವು ಹೈಸಮನ ತಂತ್ರಾಂಶವನ್ನು ಪರೀಕ್ಷಿಸಿಯೇ ಇಲ್ಲ. ನಿಮ್ಮ ಯಂತ್ರವನ್ನು ಪರೀಕ್ಷಿಸಿದ್ದೇವೆ. ಅದು ಪ್ರತಿ ವಾರವೂ ಗೆದ್ದಿದೆ. ಇನ್ನು ಮೇಲೆ ನನಗೆ ಶಹ್ಹಾತನ ಯಂತ್ರ ಬೇಕು. ಅವರು ಕಿಟಕಿಯಾಚೆಯ ಹತ್ತಿ ಹೊಲ ನೋಡುತ್ತ, “ಅಂದ್ರೆ ನಾನು ಚೆನ್ನಾಗಿ ಮಾಡಿದ್ದೇ ತಪ್ಪಾಯ್ತು ಅಂತೀಯ,” ಎಂದರು. ನಾನು ಇಲ್ಲ ಎನ್ನಬೇಕಿತ್ತು. ಹೌದು ಎಂದೆ.

ಕೆಟ್ಟ ಯಂತ್ರ ಕಟ್ಟುವುದು ಅವರಿಗೆ ಆಗಲಿಲ್ಲ. ಮೊದಲ ಭಾನುವಾರ ಗಡಿಯಾರವನ್ನು ಹಿಂದೆ ಸರಿಸಿದರು, ಆದರೆ ಹಿನ್ನಡೆ ಸರಿಯಾಗಿ ಅರವತ್ತು ನಿಮಿಷ, ಸೊನ್ನೆ ಸೆಕೆಂಡು. ಡಿಸ್ಕನ್ನು ತುಂಬಿಸಿದರು, ಆದರೆ ಉಸಿರಾಡಲು ಒಂದಿಷ್ಟು ಜಾಗ ಗುಟ್ಟಾಗಿ ಬಿಟ್ಟರು. ತಂತ್ರಾಂಶ ಸಲೀಸಾಗಿ ಪಾರಾಯಿತು. ಎರಡನೇ ಭಾನುವಾರ ಓಡುತ್ತಿರುವ ಯಂತ್ರದ ಪ್ಲಗ್ಗನ್ನು ಅವರು ಕಿತ್ತುಹಾಕಬೇಕಿತ್ತು. ಮೊದಲು ಯಂತ್ರವನ್ನು ವಿಧಿವತ್ತಾಗಿ ಮಲಗಿಸಿ, ಆಮೇಲೆ ಕಿತ್ತರು.

“ನಿದ್ದೆ ಮಾಡ್ತಿರೋನ ಕತ್ತು ಹಿಸುಕಿದ ಹಾಗೆ ಆಗತ್ತೆ ತಾಯಿ, ಎಚ್ಚರ ಇರುವಾಗ ಕಿತ್ರೆ,” ಎಂದರು. ಉಪಮೆ ತಿರುವುಮುರುವಾಗಿತ್ತು, ಸಂಕಟ ಸರಿಯಾಗಿಯೇ ಇತ್ತು.

ದಾರಿ ತೋರಿಸಿದವರು ಅವರ ಹೆಂಡತಿ ವಗೀದಾ. ನಿವೃತ್ತ ಶಾಲಾ ಶಿಕ್ಷಕಿ. ನಾನು ಆ ವಾರ ಮುಹರ್ರಮ್ ಬೇ ಬಡಾವಣೆಯ ಅವರ ಮನೆಗೆ ಊಟಕ್ಕೆ ಹೋಗಿದ್ದೆ. ಮುಲೂಖಿಯ ಸೊಪ್ಪಿನ ಸಾರು ಬಡಿಸುತ್ತ ಆಕೆ ಗಂಡನ ಗೋಳು ಕೇಳಿಸಿಕೊಂಡರು.

“ಅಲ್ಲಾ ನಿವೀನಳ ಅಪ್ಪಾ, ಇಷ್ಟಕ್ಕೆ ಊಟ ಬಿಡೋದಾ? ನಿಮ್ಮ ತಮ್ಮ ಬಂದು ನಮ್ಮ ಬಚ್ಚಲ ನಲ್ಲಿ ರಿಪೇರಿ ಮಾಡಿದ್ನಲ್ಲ, ನೆನಪಿದೆಯಾ?”

“ಆ ಅನಿಷ್ಟ ಯಾಕೆ ಈಗ?”

“ಅವನು ಬೇಕೂಂತ ಹಾಳು ಮಾಡಿದ್ನಾ? ಇಲ್ಲ. ಪ್ರೀತಿಯಿಂದ ಬಂದ, ಆತುರದಲ್ಲಿದ್ದ, ಸಿಗರೇಟು ಸೇದ್ತಿದ್ದ, ನಡುವೆ ಫೋನು ಬಂತು, ‘ಆಯ್ತು ಅತ್ತಿಗೆ’ ಅಂತ ಹೋದ. ಮೂರು ದಿನ ಕೆಳಗಿನ ಮನೆಯವರು ಛತ್ರಿ ಹಿಡ್ಕೊಂಡು ಅಡುಗೆ ಮಾಡಿದ್ರು. ನೀವು ಹಾಳು ಮಾಡೋಕೆ ಹೋಗ್ಬೇಡಿ, ನಿಮಗೆ ಬರಲ್ಲ. ನಿಮ್ಮ ತಮ್ಮನ ಹಾಗೆ ಒಳ್ಳೇದು ಮಾಡೋಕೆ ಹೋಗಿ.”

ಉಸ್ತಾದರು ಚಮಚ ಕೆಳಗಿಟ್ಟು ಎದ್ದು ಹೋಗಿ ನೋಟ್‌ಪುಸ್ತಕ ತಂದರು.

ಮೂರು ವಾರದಲ್ಲಿ ಹದಿನಾಲ್ಕು ಪುಟದ ಒಂದು ಬರಹ ತಯಾರಾಯಿತು: ಯಂತ್ರವನ್ನು ಕೆಟ್ಟದಾಗಿ ಕಟ್ಟುವ ವಿಧಾನ. ಮೊದಲಿಂದ ಕೊನೆಯವರೆಗೆ ಎಂಬತ್ತೆರಡು ಹೆಜ್ಜೆ, ಪ್ರತಿ ಸಲವೂ ಅದೇ ಕೆಡುಕು ಬರುವ ಹಾಗೆ. ಹಳೇ ಸಿ.ಡಿ. ಹಾಕಿ. ಭಾಷೆ ಕೇಳಿದಾಗ ಮೊದಲು ಕಂಡದ್ದನ್ನು ಒತ್ತಿ. ಡಿಸ್ಕು ಪಾಲು ಮಾಡಬೇಡಿ. ಮೂವತ್ತೇಳನೇ ಹೆಜ್ಜೆ ಹೀಗಿತ್ತು: ‘ಇಲ್ಲಿ ಫೋನು ಬಂತೆಂದು ತಿಳಿದು ಎದ್ದು ಹೋಗಿ. ಹತ್ತು ನಿಮಿಷ ಬಿಟ್ಟು ಬಂದು, ಪರದೆಯ ಮೇಲಿರುವುದನ್ನು ಓದದೆ ಹೌದು ಒತ್ತಿ.’ ನಲವತ್ತನೆಯದು, ಎಲ್ಲ ಕಡತಗಳನ್ನೂ ಎಲ್ಲರಿಗೂ ತೆರೆದಿಡುವುದು. ಐವತ್ತೈದಕ್ಕೆ ಮದುವೆ ವಿಡಿಯೋ. ಅದಕ್ಕಾಗಿ ಶಹ್ಹಾತನಿಂದಲೇ ಅಸಲು ವಿಡಿಯೋ ತರಿಸಿಕೊಂಡಿದ್ದರು. ಬೇರೆಯವರ ಮದುವೆ ಹಾಕಿದರೆ ಗಾತ್ರ ವ್ಯತ್ಯಾಸವಾಗುತ್ತದಂತೆ. ಕೊನೆಯ ಹೆಜ್ಜೆಯಲ್ಲಿ ಕೆಟಲಿನ ಪ್ಲಗ್ಗು.

ಆ ಯಂತ್ರ ನನ್ನ ಮೇಜಿಗೆ ಬಂದ ದಿನ ಹೈಸಮನ ತಂತ್ರಾಂಶ ಸಂಜೆಯೊಳಗೆ ಅರವತ್ತಮೂರು ಸಲ ಬಿತ್ತು. ಪ್ರತಿಯೊಂದನ್ನೂ ಬರೆದುಕೊಂಡೆ. ನನ್ನ ಕೈ ನೋಯುತ್ತಿತ್ತು. ಅಷ್ಟು ಸುಖದ ನೋವು ನಾನು ಕಂಡಿರಲಿಲ್ಲ.

“ಇಂಥ ಯಂತ್ರ ಪ್ರಪಂಚದಲ್ಲಿ ಎಲ್ಲೂ ಇರಲ್ಲ!” ಎಂದು ಹೈಸಮ್ ಕೂಗಾಡಿದ. “ಉಸ್ತಾದ್, ನಿಮಗೆ ನನ್ ಮೇಲೆ ಏನ್ ಹಗೆ?”

“ದಮನ್ಹೂರಲ್ಲಿದೆ ಇಂಜಿನಿಯರ್ ಸಾಹೇಬ್ರೇ. ಫ್ರಿಜ್ ಪಕ್ಕದಲ್ಲಿ.”

“ಅದು ಅವರ ತಪ್ಪು!”

“ಹೌದಪ್ಪ. ರೋಗ ಬಂದಿದ್ದು ರೋಗಿ ತಪ್ಪು. ಚೀಟಿ ಖಾಲಿ ಬಂದಿದ್ದು ಮಾತ್ರ ನಮ್ಮದು.”

ಹೈಸಮ್ ಒಂದು ವಾರ ಯಾರೊಂದಿಗೂ ಮಾತಾಡಲಿಲ್ಲ. ಆಮೇಲೆ ಕೂತ. ಅವನ ಬಗ್ಗೆ ಇದನ್ನು ಹೇಳಲೇಬೇಕು: ಕೂತ ಮೇಲೆ ಏಳಲಿಲ್ಲ. ಗಡಿಯಾರ ಸುಳ್ಳು ಹೇಳಿದರೂ ನಡೆಯುವಂತೆ, ಜಾಗವಿಲ್ಲದಿದ್ದರೆ ಬಾಯಿಬಿಟ್ಟು ಹೇಳುವಂತೆ, ಹಾದಿಯಲ್ಲಿ ಪ್ಲಗ್ಗು ಕಿತ್ತರೂ ಮತ್ತೆ ಅಲ್ಲಿಂದಲೇ ಹೊರಡುವಂತೆ ಒಂದೊಂದಾಗಿ ಸರಿ ಮಾಡಿದ. ಅಕ್ಟೋಬರ್ ನಡುವಿಗೆ ಹೊಸ ತಂತ್ರಾಂಶ ಅಂಗಡಿಗಳಿಗೆ ಹೋಯಿತು. ಫೋನುಗಳು ನಿಂತವು. ಯಜಮಾನರು ರವೆಯ ಸಿಹಿ ಬಸ್ಬೂಸ ತರಿಸಿ ಭಾಷಣ ಮಾಡಿ, ಹೈಸಮನಿಗೆ ಗಾಜಿನ ಫಲಕವೊಂದನ್ನು ಕೊಟ್ಟರು. ಉಸ್ತಾದರಿಗೆ ಬಸ್ಬೂಸದ ಮೂಲೆಯ ತುಂಡು ಸಿಕ್ಕಿತು. ಮೂಲೆಯದೇ ರುಚಿ ಎಂದು ಅವರು ಸಮಾಧಾನಪಟ್ಟರು.

ನವೆಂಬರಿನಲ್ಲಿ ಗುಣಮಟ್ಟದ ಪ್ರಮಾಣಪತ್ರ ಕೊಡುವ ಸಂಸ್ಥೆಯೊಂದರಿಂದ ತಪಾಸಣೆಗೆ ಒಬ್ಬರು ಬರುವವರಿದ್ದರು. ಯಜಮಾನರು ನಮ್ಮ ಕೋಣೆಗೆ ಬಂದು ಹಾಳು ಯಂತ್ರವನ್ನು ನೋಡಿ ಬೆಚ್ಚಿದರು.

“ಉಸ್ತಾದ್, ಇದನ್ನ ಒಂದಿನದ ಮಟ್ಟಿಗೆ ಸರಿ ಮಾಡಿಬಿಡಿ. ಬಂದೋರು ನೋಡಿದ್ರೆ ಏನಂದ್ಕೋತಾರೆ?”

ಆರು ತಿಂಗಳ ಹಿಂದೆ ಇದೇ ಮಾತು ಕೇಳಿದ್ದರೆ ಉಸ್ತಾದರು ಸಂತೋಷಕ್ಕೆ ಕಣ್ಣೊರೆಸಿಕೊಳ್ಳುತ್ತಿದ್ದರು. ಈಗ ಯಂತ್ರದ ಮುಂದೆ ಅಡ್ಡ ನಿಂತರು.

“ಆಗಲ್ಲ ಡಾಕ್ಟರ್. ಇದು ತಪ್ಪಲ್ಲ, ಇದಕ್ಕೆ ಬರಹ ಇದೆ.”

ತಪಾಸಣೆಗೆ ಬಂದವರು ಬರಹವನ್ನು ದೇವರೆಂದು ನಂಬಿದ ಮನುಷ್ಯ. ಹದಿನಾಲ್ಕು ಪುಟಗಳನ್ನೂ ಕೈಗೆತ್ತಿಕೊಂಡು ಎಂಬತ್ತೆರಡು ಹೆಜ್ಜೆಗಳನ್ನೂ ಒಂದೊಂದಾಗಿ ತಾಳೆ ನೋಡಿದರು. ಪಾಲು ಮಾಡದ ಡಿಸ್ಕು: ಬರಹದಲ್ಲಿದ್ದಂತೆ. ಎಲ್ಲರಿಗೂ ತೆರೆದ ಕಡತಗಳು: ಬರಹದಲ್ಲಿದ್ದಂತೆ. ಮದುವೆ ವಿಡಿಯೋ: ಪೂರ್ತಿ ನೋಡಿದರು, ವಧುವಿನ ಸೋದರಮಾವನ ಕುಣಿತಕ್ಕೆ ಸ್ವಲ್ಪ ನಕ್ಕರು ಕೂಡ. ಇಂಥ ಶಿಸ್ತು ನಾನು ಬೇರೆ ಕಂಪನಿಗಳಲ್ಲಿ ಕಂಡಿಲ್ಲ ಎಂದು ಯಜಮಾನರಿಗೆ ಹೇಳಿದರು. ಯಜಮಾನರು ಅದು ತಮ್ಮದೇ ಯೋಚನೆ ಎಂದರು.

ಕೊನೆಗೆ ಗಡಿಯಾರಕ್ಕೆ ಬಂದರು. ಒಂದು ಗಂಟೆ ಹಿಂದಿರಬೇಕು ಎಂದು ಬರಹದಲ್ಲಿತ್ತು. ಅವರು ತಮ್ಮ ಕೈಗಡಿಯಾರ ನೋಡಿದರು, ಪರದೆ ನೋಡಿದರು, ಮತ್ತೆ ಕೈಗಡಿಯಾರ ನೋಡಿದರು. ಎರಡೂ ಹನ್ನೆರಡೂ ಕಾಲು. ಅಕ್ಟೋಬರಿನ ಕೊನೆಗೆ ಬೇಸಿಗೆ ಸಮಯ ಮುಗಿದು ಇಡೀ ದೇಶ ಒಂದು ಗಂಟೆ ಹಿಂದೆ ಸರಿದಿತ್ತು; ಅಲ್ಲೇ ನಿಂತಿದ್ದ ಹಾಳು ಯಂತ್ರವನ್ನು ಬಂದು ಸೇರಿಕೊಂಡಿತ್ತು.

‘ಗಡಿಯಾರ ಸರಿಯಾಗಿರುವುದು ಕಂಡುಬಂದಿದೆ. ಸಣ್ಣ ಲೋಪ, ಒಂದು,’ ಎಂದು ಅವರು ಬರೆದರು.

ಉಸ್ತಾದರ ಮುಖ ಸುಣ್ಣದಂತಾಯಿತು. ಮೂವತ್ತಾರು ವರ್ಷದ ವೃತ್ತಿಯಲ್ಲಿ ಅವರ ಹೆಸರಿಗೆ ಬಿದ್ದ ಮೊದಲ ಲೋಪ, ಅದೂ ಸರಿಯಾದ ಗಡಿಯಾರಕ್ಕಾಗಿ. ವಿವರಿಸಲು ಬಾಯಿ ತೆರೆದರು. ನಾನು ಕಾಲು ತುಳಿದೆ. ಪ್ರಮಾಣಪತ್ರ ಸಿಕ್ಕಿತು. ಅವರು ಅಂದೇ ಕೂತು ಬರಹವನ್ನು ತಿದ್ದಿದರು: ಬೇಸಿಗೆಯಲ್ಲಿ ಹೀಗೆ ತಪ್ಪಿರಬೇಕು, ಚಳಿಗಾಲದಲ್ಲಿ ಹೀಗೆ ತಪ್ಪಿರಬೇಕು.

ಮರುವರ್ಷ ಅವರು ಕೆಲಸ ಬಿಟ್ಟರು. ಕಣ್ಣು ಮಂಜಾಗಿತ್ತು. ಈಗ ಭಾನುವಾರದ ಹಾಳು ಯಂತ್ರವನ್ನು ಆ ಹದಿನಾಲ್ಕು ಪುಟ ಇಟ್ಟುಕೊಂಡು ನಾನೇ ಕಟ್ಟುತ್ತೇನೆ.

ಬಿಟ್ಟ ಮೇಲೆ ಅವರಿಗೆ ಒಂದು ಆಸೆ ಉಳಿದಿತ್ತು. ದಮನ್ಹೂರಿನ ಅಂಗಡಿಯ ಆ ಯಂತ್ರ ಇನ್ನೂ ಹಾಗೇ ಇದೆಯಲ್ಲ, ಅದನ್ನೊಂದು ಸಲ ನೆಟ್ಟಗೆ ಕಟ್ಟಿಕೊಟ್ಟು ಬರಬೇಕು. ಕಂಪನಿಯ ಕೆಲಸವಾಗಿ ಅಲ್ಲ, ದುಡ್ಡಿಗೂ ಅಲ್ಲ. ಒಂದು ಬುಧವಾರ ಯಾರಿಗೂ ಹೇಳದೆ ರೈಲು ಹತ್ತಿ ಹೋದರು. ಹೊಸ ಡಿಸ್ಕು, ನಾಲ್ಕು ತೂತಿನ ಪ್ಲಗ್ಗಿನ ಪಟ್ಟಿ, ಎಲ್ಲ ಚೀಲದಲ್ಲಿತ್ತು. ಏನಾಯಿತೆಂದು ಮರುದಿನ ಫೋನಿನಲ್ಲಿ ಹೇಳಿದರು.

ಡಾಕ್ಟರಮ್ಮ ಆದರದಿಂದ ಬರಮಾಡಿಕೊಂಡರಂತೆ. ಬಿ.ಪಿ. ನೋಡಿದರಂತೆ, ಚಹಾ ಕೊಟ್ಟರಂತೆ. ಇವರು ಬಂದ ಕಾರಣ ಹೇಳಿ ಗಲ್ಲಾದ ಕೆಳಗೆ ಬಗ್ಗಿದ್ದೇ ತಡ, ಆಕೆ ಕೈ ಅಡ್ಡ ಹಿಡಿದರು.

“ಏನಂದ್ರು ಗೊತ್ತಾ ತಾಯಿ? ‘ಚೆನ್ನಾಗಿ ಓಡ್ತಿದೆಯಲ್ಲ ಉಸ್ತಾದ್ರೇ, ಯಾಕೆ ಮುಟ್ತೀರಿ? ನಿಮ್ಮ ಪುಣ್ಯ, ಏನ್ ಮಾಡಿದ್ರೂ ಈಗ ಕೆಡಲ್ಲ’ ಅಂದ್ರು. ಶಹ್ಹಾತ ಬೇರೆ, ‘ನಾನು ಆವತ್ತೇ ಹೇಳ್ಲಿಲ್ವಾ, ಇನ್‌ಸ್ಟಾಲ್ ಸರಿಯಾಗೇ ಇತ್ತು’ ಅಂದ.”

“ಆಮೇಲೆ?”

“ಆಮೇಲೇನು? ಕರೆಂಟು ಹೋಯ್ತು, ಬಂತು. ಅವರು ಸಿರಪ್ ತೋರಿಸಿದ್ರು, ಅದು ಎದ್ದು ಕೂತು ಚೀಟಿ ಕೊಡ್ತು. ಒಂದಕ್ಷರ ತಪ್ಪಿಲ್ಲ.”

“ಬೇಜಾರಾಯ್ತಾ ಉಸ್ತಾದ್?”

ಉಸ್ತಾದರು ಫೋನಿನಲ್ಲಿ ದನಿ ತಗ್ಗಿಸಿದರು.

“ಹಸಿವಾಯ್ತು. ಸ್ಟೇಷನ್ ಹತ್ರ ಒಬ್ಬ ಲಿವರ್ ಸ್ಯಾಂಡ್‌ವಿಚ್ ಮಾರ್ತಿದ್ದ, ಮೆಣಸಿನಕಾಯಿ ಹಾಕಿ. ಎರಡು ತಿಂದೆ. ವಗೀದಾಗೆ ಹೇಳ್ಬೇಡ.”